ಆ ರಾತ್ರಿ ಆ ಐಪಿ ಯಾರ ಬಳಿ ಇತ್ತು?

ನಮ್ಮ ಕಾಲೇಜಿನ ಫೀಡ್‌ಬ್ಯಾಕ್ ಪೋರ್ಟಲ್‌ನಲ್ಲಿ ಯಾರೋ ಉಪನ್ಯಾಸಕರೊಬ್ಬರ ಬಗ್ಗೆ ಅಸಭ್ಯವಾಗಿ ಬರೆದಿದ್ದರು. ಅದು ಕಣ್ಣಿಗೆ ಬಿದ್ದದ್ದು ಒಂದೂವರೆ ತಿಂಗಳ ನಂತರ. ಪೋರ್ಟಲ್‌ನಲ್ಲಿ ಐಪಿ ವಿಳಾಸ ದಾಖಲಾಗಿತ್ತು. ಅದು ಯಾರದೆಂದು ನೋಡಿದರೆ ನನ್ನ ರೂಮ್‌ಮೇಟ್‌ನ ಲ್ಯಾಪ್‌ಟಾಪ್! ಕರೆಸಿ ಎರಡು ಗಂಟೆ ವಿಚಾರಿಸಿದರು. ಆ ರಾತ್ರಿ ಅವನು ದೀಪಾವಳಿಗೆಂದು ಊರಿನ ಬಸ್ಸಿನಲ್ಲಿದ್ದ. ಮೊಬೈಲ್‌ನಲ್ಲಿ ಟಿಕೆಟ್ ಇತ್ತು, ಬಚಾವಾದ.

ತಪ್ಪು ಸಣ್ಣದು. ವೈಫೈಗೆ ಸೇರಿದಾಗ ನಮಗೆ ಸಿಗುವ ಐಪಿ ವಿಳಾಸ ಸ್ವಂತ ಮನೆಯಲ್ಲ, ಬಾಡಿಗೆ ಮನೆ. ಡಿಎಚ್‌ಸಿಪಿ ಎಂಬ ಸರ್ವರ್ ಅದನ್ನು ಕೆಲವು ಗಂಟೆಗಳಿಗೆ ಕೊಡುತ್ತದೆ. ಅದಕ್ಕೆ 'ಲೀಸ್' ಎಂದೇ ಹೆಸರು. ನಮ್ಮವರು ನೋಡಿದ್ದು ಈಗ ಆ ಮನೆಯಲ್ಲಿ ಯಾರಿದ್ದಾರೆಂದು. ಕೇಳಬೇಕಿದ್ದದ್ದು ಅಂದು ಯಾರಿದ್ದರೆಂದು.

ಇದೇ ತರಹದ ತಪ್ಪಿಗೆ 2007ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪುಣೆಯ ಜೈಲಿನಲ್ಲಿ 50 ದಿನ ಕಳೆದರು. ಆರ್ಕುಟ್‌ನಲ್ಲಿ ಶಿವಾಜಿಗೆ ಅವಮಾನ ಮಾಡಿದ ಆರೋಪ. ಇಂಟರ್ನೆಟ್ ಸಂಸ್ಥೆ ಪೊಲೀಸರಿಗೆ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ನನ್ನ ರೂಮ್‌ಮೇಟ್‌ಗೆ ಎರಡು ಗಂಟೆ, ಅವರಿಗೆ 50 ದಿನ.

2022ರ ಏಪ್ರಿಲ್ 28ರಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ ಒಂದು ನಿರ್ದೇಶನ ಹೊರಡಿಸಿತು. ಸೇವಾ ಸಂಸ್ಥೆಗಳು, ಕಂಪನಿಗಳು, ಸರ್ಕಾರಿ ಕಚೇರಿಗಳು ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಸರ್ವರ್‌ಗಳ ಗಡಿಯಾರವನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕು. ವಿಪಿಎನ್ ಸಂಸ್ಥೆಗಳಾದರೆ ಗ್ರಾಹಕರ ವಿವರವನ್ನು ಐದು ವರ್ಷ. ಸುದ್ದಿಯಾದದ್ದು ಈ ವಿಪಿಎನ್ ವಿಷಯ ಮಾತ್ರ. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ಸರ್ವರ್‌ಗಳನ್ನೇ ತೆಗೆದವು. ನನಗೆ ಮುಖ್ಯವೆನಿಸುವುದು ಗಡಿಯಾರದ ಮಾತು.

ಏಕೆಂದರೆ, ಹಲವು ಕಡೆ ಇನ್ನೂ ಓಡುತ್ತಿರುವ ಹಳೆಯ ಐಎಸ್‌ಸಿ ಡಿಎಚ್‌ಸಿಪಿ ತನ್ನ ಲೀಸ್ ಫೈಲಿನಲ್ಲಿ ಸಮಯವನ್ನು ಯುಟಿಸಿಯಲ್ಲಿ ಬರೆಯುತ್ತದೆ. ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಇದು ಗೊತ್ತಿಲ್ಲದೆ ಓದಿದರೆ ಅಮಾಯಕ ಸಿಕ್ಕಿಬೀಳುತ್ತಾನೆ. ಮೇಲಾಗಿ ಆ ಫೈಲು ಹಳೆಯ ದಾಖಲೆಗಳನ್ನು ಉಳಿಸಿಕೊಳ್ಳುವುದಿಲ್ಲ. ಇತಿಹಾಸ ಬೇಕೆಂದರೆ ಸಿಸ್ಟಮ್ ಲಾಗ್ ನೋಡಬೇಕು. ಉಬುಂಟು ಸರ್ವರ್‌ನಲ್ಲಿ ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ ಅದು ಉಳಿಯುವುದು ಸುಮಾರು ನಾಲ್ಕು ವಾರ. 180 ದಿನ ಎಲ್ಲಿ, ನಾಲ್ಕು ವಾರ ಎಲ್ಲಿ? ಫೋನುಗಳಂತೂ ಆಂಡ್ರಾಯ್ಡ್ 10ರ ನಂತರ ಪ್ರತಿ ವೈಫೈಗೂ ಒಂದೊಂದು ಕೃತಕ ಮ್ಯಾಕ್ ವಿಳಾಸ ತೋರಿಸುತ್ತವೆ. ಲಾಗಿನ್ ಇಲ್ಲದ ವೈಫೈನಲ್ಲಿ ಲಾಗ್ ಒಂದು ಸುಳಿವು ಅಷ್ಟೇ, ಸಾಕ್ಷಿಯಲ್ಲ.

ಹಾಗೆಂದು ಲಾಗ್ ಬೇಡ ಎನ್ನಲಾರೆ. ನನ್ನ ರೂಮ್‌ಮೇಟ್‌ಗೆ ಟಿಕೆಟ್ ಇಲ್ಲದಿದ್ದರೆ ಅವನನ್ನು ಉಳಿಸಬಹುದಾಗಿದ್ದದ್ದೂ ಆ ಲಾಗೇ. ಆದರೆ ಅದನ್ನು ಯಾರು ತೆರೆದು ನೋಡಿದರು ಎಂಬುದೂ ದಾಖಲಾಗಬೇಕು, ಅವಧಿ ಮುಗಿದ ಮೇಲೆ ಅಳಿಸಬೇಕು, ಆರೋಪ ಹೊತ್ತವನಿಗೆ ತನ್ನ ಸಾಲನ್ನು ನೋಡಲು ಬಿಡಬೇಕು. ರಾತ್ರಿ ಎಷ್ಟು ಗಂಟೆಯವರೆಗೆ ಎಚ್ಚರವಿದ್ದೆವು ಎಂದು ಹೇಳಬಲ್ಲ ದಾಖಲೆ ಅದು. ಹಾಸ್ಟೆಲ್ ಸೇರುವಾಗ ಈ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. (ನೆಟ್‌ವರ್ಕ್ ಕೆಲಸ ಹುಡುಕುತ್ತಿರುವವರು ಸರ್ಟಿಫಿಕೇಟ್ ಜತೆಗೆ ಲಾಗ್ ಓದುವುದನ್ನೂ ಕಲಿಯಿರಿ, ನಮಗೆ ಸಿಲಬಸ್‌ನಲ್ಲಿ ಡಿಎಚ್‌ಸಿಪಿ ಒಂದೇ ಪುಟ.)

ಈ ಗಲಾಟೆಯ ನಂತರ ಲ್ಯಾಬ್ ನೋಡಿಕೊಳ್ಳುವ ಸರ್ ಜೊತೆ ಕೂತು ಲಾಗ್ ಉಳಿಯುವ ಅವಧಿಯನ್ನು 26 ವಾರಕ್ಕೆ ಏರಿಸಿದೆವು. ಆ ರಾತ್ರಿಯ ಸಾಲು ಮಾತ್ರ ಆಗಲೇ ಅಳಿಸಿಹೋಗಿತ್ತು. ಬರೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.