ಹಾರ್ಡ್ ಡಿಸ್ಕಿಗೂ ಬದು ಬೇಕು

ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೈಲು ಹಾದಿಯಲ್ಲಿ ಮುಗದ ಸಿಗುತ್ತದೆ. ಅದು ಭತ್ತದ ಊರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಅಲ್ಲಿದೆ. ಗದ್ದೆಗೆ ಬದು ಹಾಕುವುದು ಬಿತ್ತುವ ಮೊದಲು. ಪೈರು ಎದ್ದು ನೀರು ನಿಂತ ಮೇಲೆ ಬದು ಸರಿಸಲು ಯಾರಾದರೂ ಹೊರಡುತ್ತಾರೆಯೆ?

ಮಕ್ಕಳೇ, ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಹೀಗೆ ಬದು ಹಾಕಬಹುದು. ಆ ಒಂದೊಂದು ಭಾಗಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಲಿನಕ್ಸ್ ಹಾಕುವಾಗ ಇಡೀ ಡಿಸ್ಕನ್ನು ಒಂದೇ ಭಾಗವಾಗಿ ಬಿಡುವುದು ಸುಲಭ. ಮನೆಯಲ್ಲಿ ಒಬ್ಬರೇ ಬಳಸುವುದಾದರೆ ಅದೇ ಸಾಕು. ಆದರೆ ಶಾಲೆಯ ಕಂಪ್ಯೂಟರಿಗೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ಏಕೆ? ಶಾಲೆಯ ಕಂಪ್ಯೂಟರನ್ನು ಹತ್ತಾರು ಕೈಗಳು ಮುಟ್ಟುತ್ತವೆ. ಎಂದಾದರೊಂದು ದಿನ ಲಿನಕ್ಸನ್ನು ಹೊಸದಾಗಿ ಹಾಕಬೇಕಾಗುತ್ತದೆ. ಎಲ್ಲವೂ ಒಂದೇ ಭಾಗದಲ್ಲಿದ್ದು ಅದನ್ನು ಫಾರ್ಮ್ಯಾಟ್ ಮಾಡಿದರೆ ನೀವು ಬಿಡಿಸಿದ ಚಿತ್ರ, ಬರೆದ ಪ್ರಬಂಧ ಎಲ್ಲ ಅಳಿಸಿಹೋಗುತ್ತವೆ. ಕಡತಗಳಿರುವ 'ಹೋಮ್' ಬೇರೆ ಭಾಗದಲ್ಲಿದ್ದರೆ, 'ರೂಟ್' ಎಂಬ ವ್ಯವಸ್ಥೆಯ ಭಾಗವನ್ನಷ್ಟೇ ಅಳಿಸಬಹುದು. ಹೋಮ್ ಎದುರಿನ ಫಾರ್ಮ್ಯಾಟ್ ಗುರುತು ಮಾತ್ರ ತೆಗೆದಿರಬೇಕು. ಇನ್ನೊಂದು ಲಾಭವೂ ಇದೆ. ಯಾರೋ ಸಿನಿಮಾ ತುಂಬಿಸಿ ಹೋಮ್ ಭರ್ತಿ ಮಾಡಿದರೂ ರೂಟಿನ ಜಾಗಕ್ಕೆ ಧಕ್ಕೆಯಿಲ್ಲ.

ಈಗ ಲೆಕ್ಕ ಮಾಡೋಣ. ಡಿಸ್ಕಿನ ಮೇಲೆ 500 ಜಿಬಿ ಎಂದು ಬರೆದಿದ್ದರೂ ಕಂಪ್ಯೂಟರು ಕೆಲವೊಮ್ಮೆ 465 ಎನ್ನುತ್ತದೆ. ಅಂಗಡಿಯವರು ಮೋಸ ಮಾಡಿಲ್ಲ! ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. ಉಬುಂಟು ಲಿನಕ್ಸಿಗೆ ಕನಿಷ್ಠ 25 ಜಿಬಿ ಜಾಗ ಬೇಕು. ಹೊಸ ತಂತ್ರಾಂಶ ಸೇರುತ್ತಲೇ ಇರುವುದರಿಂದ ರೂಟಿಗೆ 50 ಕೊಡಿ. ಹೊಸ ಯಂತ್ರಗಳಲ್ಲಿ ಆರಂಭದ ಭಾಗಕ್ಕೆ 1 ಸಾಕು. ರ‍್ಯಾಮ್ ತುಂಬಿದಾಗ ನೆರವಾಗುವ 'ಸ್ವಾಪ್'ಗೆ 4 ಇಡಿ. ಉಳಿದ 410 ಜಿಬಿ ಹೋಮಿಗೆ.

ಸ್ವಾಪ್ ರ‍್ಯಾಮಿನ ಎರಡರಷ್ಟಿರಬೇಕು ಎಂದು ಕೆಲವರು ಈಗಲೂ ಹೇಳುತ್ತಾರೆ. ರ‍್ಯಾಮ್ ತೀರ ಕಡಿಮೆಯಿದ್ದ ಕಾಲದ ಮಾತು ಅದು. ಉಬುಂಟು 2017ರಿಂದ ಸ್ವಾಪಿಗೆ ಬೇರೆ ಭಾಗವನ್ನೇ ಮಾಡದೆ ರೂಟಿನೊಳಗೆ ಒಂದು ಫೈಲ್ ಇಟ್ಟುಕೊಳ್ಳುತ್ತಿದೆ. ಅಂಥಲ್ಲಿ ಆ 4 ಜಿಬಿಯನ್ನು ರೂಟಿಗೇ ಸೇರಿಸಿ.

ಆದರೆ ಕೆರೆಯೇ ಒಡೆದರೆ ಬದು ಏನು ಮಾಡೀತು? ಡಿಸ್ಕೇ ಕೆಟ್ಟರೆ ಹೋಮ್ ಕೂಡ ಹೋಗುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ನಿಮ್ಮ ಕಡತಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದು, ತರಗತಿಯ ಹೆಸರು ಬರೆದು, ಗುರುಗಳ ಕಪಾಟಿನಲ್ಲಿ ಇಡಿಸಿ.