ಹತ್ತಿಯಲ್ಲಿ ಸೋಸಿದ ಗಾಳಿ

ಎರಡು ಗಾಜಿನ ಪಾತ್ರೆಗಳು. ಒಂದರಲ್ಲಿ ಕೋಣೆಯ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟರೆ ಮೊದಲನೆಯದು ಮಂಜು ಕಟ್ಟಿ ಬೆಳ್ಳಗಾಗುತ್ತದೆ. ಎರಡನೆಯದು ತಿಳಿಯಾಗಿಯೇ ಉಳಿಯುತ್ತದೆ. ಹನಿ ಕಟ್ಟಲು ನೀರಾವಿಗೆ ಕೂರಲೊಂದು ಕಣ ಬೇಕು. ಫ್ರಾನ್ಸಿನ ಕೂಲಿಯೆ ಎಂಬ ವಿಜ್ಞಾನಿ ಇದನ್ನು ಮೊದಲೇ ಕಂಡಿದ್ದರು. ಆದರೆ ಬದುಕಿಡೀ ಅದರ ಬೆನ್ನು ಹತ್ತಿದವರು ಸ್ಕಾಟ್ಲೆಂಡಿನ ಫಾಲ್ಕರ್ಕ್‌ನ ಜಾನ್ ಐಟ್ಕೆನ್ (1839–1919).

ಎಂಜಿನಿಯರಿಂಗ್ ಓದಿದ್ದ ಅವರಿಗೆ ಆರೋಗ್ಯ ಕೈಕೊಟ್ಟಿತು. ಮನೆಯೇ ಪ್ರಯೋಗಾಲಯವಾಯಿತು, ಉಪಕರಣಗಳನ್ನೂ ತಾವೇ ಮಾಡಿಕೊಂಡರು. ಅವರ ಧೂಳೆಣಿಕೆ ಯಂತ್ರದಲ್ಲಿ ಒದ್ದೆ ಗಾಳಿ ಥಟ್ಟನೆ ಹಿಗ್ಗಿ ತಣ್ಣಗಾದಾಗ ಪ್ರತಿ ಕಣದ ಸುತ್ತ ಹನಿ ಕಟ್ಟಿ, ಚೌಕುಳಿ ಗೆರೆ ಎಳೆದ ಪುಟ್ಟ ಫಲಕದ ಮೇಲೆ ಬೀಳುತ್ತಿತ್ತು. ಭೂತಗನ್ನಡಿ ಹಿಡಿದು ಒಂದೊಂದೇ ಹನಿ ಎಣಿಸಬೇಕು. ಸ್ವಿಟ್ಜರ್ಲೆಂಡಿನ ರೀಗಿ ಬೆಟ್ಟದಲ್ಲೂ ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲೂ ಅವರು ಹೀಗೆ ಎಣಿಸಿದರು. ಆ ತಾಳ್ಮೆಗೆ ನಾವು ಕೈಮುಗಿಯುತ್ತೇವೆ.

0.1 ಮೈಕ್ರಾನ್‌ಗಿಂತ ಚಿಕ್ಕ ಕಣಗಳಿಗೆ ಇಂದು ಐಟ್ಕೆನ್ ಹೆಸರೇ ಇದೆ. ವಾಹನದ ಹೊಗೆಯಲ್ಲಿ ಇವು ಧಾರಾಳ. ನಮ್ಮ ನಗರಗಳ ವಾಯುಮಾಪನ ಕೇಂದ್ರಗಳು ಪಿಎಂ 2.5 ಮತ್ತು ಪಿಎಂ 10ರ, ಅಂದರೆ 2.5 ಮತ್ತು 10 ಮೈಕ್ರಾನ್‌ವರೆಗಿನ ಕಣಗಳ, ತೂಕವನ್ನು ಹೇಳುತ್ತವೆ; ಈ ಅತಿಸಣ್ಣ ಕಣಗಳು ತೂಕದಲ್ಲಿ ನಗಣ್ಯ, ಸಂಖ್ಯೆಯಲ್ಲಿ ಮಾತ್ರ ಅಪಾರ. ಹಾಗಾಗಿ ತೂಕದ ಜೊತೆಗೆ ಎಣಿಕೆಯೂ ಶುರುವಾಗಬೇಕು. ಬೆಂಗಳೂರಿನ ವಾಹನದಟ್ಟಣೆಯ ವೃತ್ತಗಳಿಂದ, ಶಾಲೆಗಳ ಗೇಟಿನಿಂದ ಅದು ಆರಂಭವಾಗಲಿ.