ಬೀಗ ಹಾಕುವ ಮುನ್ನ: ದೀರ್ಘ ರಜೆ ಮತ್ತು ಗೃಹಾರೋಗ್ಯ

ಮಹಾನಗರದಲ್ಲಿ ಬಾಳುವ ಕನ್ನಡಿಗರಿಗೆ ವರ್ಷಕ್ಕೊಮ್ಮೆಯಾದರೂ ಊರಿನ ಕರೆ ಬರುತ್ತದೆ. ಮಕ್ಕಳ ಬೇಸಗೆ ರಜೆ, ಮನೆತನದ ದೈವದ ನೇಮ, ಒಡಹುಟ್ಟಿದವರ ಮದುವೆ, ಹಿರಿಯರ ಅನಾರೋಗ್ಯ, ಇವುಗಳಲ್ಲಿ ಕಾರಣ ಯಾವುದೇ ಆಗಿರಲಿ, ಏಪ್ರಿಲ್ ತಿಂಗಳು ಕಳೆಯುತ್ತಲೇ ಸಾನಪಾಡಾದ ಕಟ್ಟಡಗಳಲ್ಲಿ ಒಂದೊಂದಾಗಿ ಬಾಗಿಲುಗಳಿಗೆ ಬೀಗ ಬೀಳತೊಡಗುತ್ತದೆ. ನಿವೃತ್ತರಾದವರಂತೂ ನಾಲ್ಕೈದು ತಿಂಗಳು ಊರಲ್ಲೇ ಇದ್ದು ಬರುವುದುಂಟು. 1992ರಲ್ಲಿ ಮಾನಖುರ್ದದಿಂದ ಖಾರಿಯನ್ನು ದಾಟಿ ವಾಶಿಗೆ ಲೋಕಲ್ ರೈಲು ಬಂದಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದು ಕರಾವಳಿಯು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಹೊರಡುವುದು ಹೀಗೆ ಸುಲಭವಾಗಿದೆ. ಆದರೆ ಮನೆಯನ್ನು ಅಣಿಗೊಳಿಸಿ ಬಿಟ್ಟು ಹೊರಡುವ ಕ್ರಮ ಮಾತ್ರ ಇನ್ನೂ ರೂಢಿಯಾಗಿಲ್ಲ. ಇದು ಕೇವಲ ಗೃಹಿಣಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಮನೆಯವರ ಮತ್ತು ನೆರೆಯವರ ಆರೋಗ್ಯದ ಪ್ರಶ್ನೆ.

ದೀರ್ಘ ರಜೆಗಾಗಿ ಮನೆ ಬಿಚ್ಚಿ ಕಟ್ಟುವ ಕಷ್ಟವನ್ನು ಕನ್ನಡ ನಾಡು ಬಹಳ ಹಿಂದೆಯೇ ಕಂಡಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ವರ್ಷಗಟ್ಟಲೆ ಇಲ್ಲಿ ದುಡಿದು, ದೇಹ ಸೋತಾಗ ಸ್ವದೇಶಕ್ಕೆ ರಜೆಯ ಮೇಲೆ ಹೋಗುತ್ತಿದ್ದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆ ಪ್ರಯಾಣ ಇನ್ನಷ್ಟು ದೀರ್ಘವೂ ದುಸ್ತರವೂ ಆಗಿತ್ತು. ಮರಳಿ ಬರುವೆವೋ ಇಲ್ಲವೋ ಎಂಬ ಅನಿಶ್ಚಯದಲ್ಲಿ ಪೆಟ್ಟಿಗೆ ತುಂಬಬೇಕಾಗಿತ್ತು. ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದವರು, 1877ರಲ್ಲಿ ಜರ್ಮನಿಗೆ ಹೋದರು. 1883ರಲ್ಲಿ ನಿಘಂಟಿನ ಕೆಲಸಕ್ಕಾಗಿಯೇ ಮತ್ತೆ ಬಂದರು. ಸುಮಾರು 70,000 ಶಬ್ದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ತಲಶೇರಿಯಲ್ಲಿ ದುಡಿದ ಹರ್ಮನ್ ಗುಂಡರ್ಟ್ 1859ರಲ್ಲಿ ದೇಶಕ್ಕೆ ಮರಳಿದರೂ ಅವರ ಮಲಯಾಳ ನಿಘಂಟು 1872ರಲ್ಲಿ ಪ್ರಕಟವಾಯಿತು. ಅವರು ಸಂಗ್ರಹಿಸಿದ ಹಸ್ತಪ್ರತಿಗಳು ಮತ್ತು ಪುಸ್ತಕಗಳು ಇಂದಿಗೂ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಸುರಕ್ಷಿತವಾಗಿವೆ. ಪರದೇಶದ ಮನೆಯನ್ನು ಮುಚ್ಚುವಾಗ ಯಾವುದನ್ನು ಉಳಿಸಿಕೊಳ್ಳಬೇಕೆಂಬ ವಿವೇಕ ಅವರಲ್ಲಿ ಇತ್ತೆನ್ನಲು ಬೇರೆ ಸಾಕ್ಷಿ ಬೇಡ.

ಆ ಮನೆಗಳು ತೆತ್ತ ಬೆಲೆಯನ್ನೂ ಮರೆಯಬಾರದು. ಮಿಶನರಿಗಳ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳುಹಿಸುವುದು ಅಂದಿನ ರೂಢಿಯಾಗಿತ್ತು. 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದ ಗುಂಡರ್ಟರ ಮಗಳು ಮರೀ ಕೂಡ ಬಾಲ್ಯದಲ್ಲಿಯೇ ತಂದೆತಾಯಿಗಳಿಂದ ದೂರವಾಗಿ ಬೆಳೆದವಳು. ಮುಂದೆ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದವಳು ಆಕೆಯೇ. ಎರಡು ಊರುಗಳ ನಡುವೆ ಹಂಚಿಹೋದ ಸಂಸಾರಕ್ಕೆ ಪೆಟ್ಟಿಗೆಯ ಭಾರಕ್ಕಿಂತ ಮನಸ್ಸಿನ ಭಾರವೇ ಹೆಚ್ಚು ಎಂಬುದನ್ನು ಮುಂಬಯಿ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಸಾನಪಾಡಾದ ಎರಡು ಕೋಣೆಗಳ ಮನೆಯೊಂದರ ಅಟ್ಟವನ್ನು ಇಳಿಸಿ ನೋಡಿದರೆ ಏನು ಕಾಣಬಹುದು? ಕೆಟ್ಟುಹೋದ ಮಿಕ್ಸರ್, ಬಾಟಲಿಗಳ ಸಾಲು, ಹರಿದ ಹಾಸಿಗೆ, ಮಗ ದಾಟಿ ಬಂದ ತರಗತಿಗಳ ಪುಸ್ತಕ, ಟಿ.ವಿ. ಬಂದ ರಟ್ಟಿನ ಪೆಟ್ಟಿಗೆ. "ಊರಿಗೆ ಕೊಂಡೊಯ್ಯಲು ಬೇಕಾಗುತ್ತದೆ" ಎಂಬುದೇ ಇವೆಲ್ಲವನ್ನು ಇಟ್ಟುಕೊಂಡದ್ದಕ್ಕೆ ಸಿಗುವ ಉತ್ತರ. ಇದನ್ನು ಹಾಸ್ಯ ಮಾಡುವುದು ನ್ಯಾಯವಲ್ಲ. ಒಂದು ಟ್ರಂಕಿನೊಡನೆ ಬಂದು, ಹೊಟೇಲಿನ ಬೆಂಚಿನ ಮೇಲೆ ಮಲಗಿ, ಪಗಾರ ಕೂಡಿಸಿ ಮನೆ ಕಟ್ಟಿಕೊಂಡ ತಲೆಮಾರಿಗೆ ಯಾವ ವಸ್ತುವೂ ಸುಮ್ಮನೆ ಬಂದದ್ದಲ್ಲ. ಆದರೆ ಬಡತನ ಕಲಿಸಿದ ಜಾಗ್ರತೆ ಬಡತನ ಹೋದ ಮೇಲೂ ಹಾಗೆಯೇ ನಿಂತರೆ ಅದು ರೋಗಕ್ಕೆ ಆಶ್ರಯವಾಗುತ್ತದೆ. ಊರಿನ ಮನೆಯೂ ಕೆಟ್ಟ ಸಾಮಾನುಗಳ ಗೋದಾಮಲ್ಲ. ಮುಂಬಯಿಯಲ್ಲಿ ಬೇಡವಾದ ವಸ್ತು ವೃದ್ಧ ತಾಯಿಯ ಕೋಣೆಯ ಮೂಲೆಗೆ ಬಿದ್ದಾಗ ಆಕೆ ಎಡವುವ ಕಲ್ಲಾಗುತ್ತದೆಯೇ ಹೊರತು ಆಕೆಗೆ ಕೊಟ್ಟ ಕಾಣಿಕೆಯಾಗುವುದಿಲ್ಲ.

ಬೀಗ ಬಿದ್ದ ಮನೆಯೊಳಗೆ ಮೊದಲು ಕೆಡುವುದು ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಗಟಾರವನ್ನು ಅರಸುವುದಿಲ್ಲ. ಶುದ್ಧವಾಗಿ ನಿಂತ ನೀರು ಸ್ವಲ್ಪವಿದ್ದರೂ ಅದಕ್ಕೆ ಸಾಕು. ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಕೂಲರ್, ಬಾಲ್ಕನಿಯ ಖಾಲಿ ಡಬ್ಬಿ, ನೀರಿನ ಅಭಾವಕ್ಕೆಂದು ತುಂಬಿಟ್ಟ ಡ್ರಮ್ಮು ಎಲ್ಲವೂ ಅದರ ತೊಟ್ಟಿಲುಗಳೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಎರಡು ತಿಂಗಳ ರಜೆಯಲ್ಲಿ ಅದು ಎಷ್ಟು ಪೀಳಿಗೆಗಳನ್ನು ಬೆಳೆಸೀತು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ನಗರವಾಸಿ ಸೊಳ್ಳೆಗೆ ಮಹಡಿಯ ಮೇಲಿನ ಮುಚ್ಚಳವಿಲ್ಲದ ಟಾಕಿಯೇ ಪ್ರಿಯ. ಊರಿಗೆ ಹೋದವರಿಗೆ ಈ ಸೊಳ್ಳೆ ಕಚ್ಚುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಕಚ್ಚುತ್ತದೆ. ಆದ್ದರಿಂದಲೇ ಮನೆ ಮುಚ್ಚುವುದು ಖಾಸಗಿ ಕಾರ್ಯವೆಂಬ ವಾದ ನಿಲ್ಲಲಾರದು.

ಉಪಾಯ ಕಠಿಣವೇನಲ್ಲ. ಎಲ್ಲ ಪಾತ್ರೆ, ಡ್ರಮ್ಮುಗಳನ್ನು ಬರಿದುಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ಬೋರಲು ಹಾಕಬೇಕು. ಕೇವಲ ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿ, ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಫ್ರಿಜ್ಜನ್ನು ಖಾಲಿ ಮಾಡಿ, ಒರೆಸಿ, ವಿದ್ಯುತ್ ತೆಗೆದು ಬಾಗಿಲನ್ನು ತುಸು ತೆರೆದಿಡಬೇಕು. ಕಮೋಡಿನ ಮುಚ್ಚಳ ಹಾಕಿ, ಬಚ್ಚಲಿನ ಜಾಲರಿಯನ್ನು ಮುಚ್ಚಿಡಬೇಕು. ಅಲ್ಲಿನ ನೀರು ಆರಿದೊಡನೆ ಗಟಾರದ ದುರ್ವಾಸನೆಯೂ ಜಿರಳೆಯೂ ಒಳಬರುತ್ತವೆ. ಗ್ಯಾಸಿನ ಕವಾಟ ಮುಚ್ಚುವುದನ್ನು ಒಬ್ಬರು ಮಾಡಿ ಇನ್ನೊಬ್ಬರು ಪರೀಕ್ಷಿಸುವುದು ಲೇಸು. ಜೂನ್ ತಿಂಗಳ ಎರಡನೆಯ ವಾರಕ್ಕೆ ಮಳೆ ಬೀಳುವ ಈ ಪ್ರದೇಶದಲ್ಲಿ ಮುಚ್ಚಿದ ಮನೆಯ ಗೋಡೆಗೆ ಬೂಷ್ಟು ಹಿಡಿಯುವುದು ಸಹಜ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿದರೆ, ಮರಳಿ ಬಂದಾಗ ಉಬ್ಬಸದ ರೋಗಿಗೆ ಅಷ್ಟರ ಮಟ್ಟಿಗೆ ಉಪಕಾರವಾದೀತು.

ಎರಡನೆಯದು ಔಷಧದ ಡಬ್ಬಿ. ಅರ್ಧ ನುಂಗಿ ಬಿಟ್ಟ ಆ್ಯಂಟಿಬಯೋಟಿಕ್, ಒಡೆದು ತಿಂಗಳುಗಳಾದ ಕಣ್ಣಿನ ಹನಿ, ಯಾರಿಗೋ ಬರೆದುಕೊಟ್ಟ ನಿದ್ರೆಯ ಗುಳಿಗೆ ಇಲ್ಲದ ಮನೆ ಅಪರೂಪ. ಇವನ್ನು "ಊರಲ್ಲಿ ಯಾರಿಗಾದರೂ ಆದೀತು" ಎಂದು ಚೀಲಕ್ಕೆ ತುಂಬುವ ದಯಾಳುಗಳು ಅರಿಯದೆ ಅಪಕಾರ ಮಾಡುತ್ತಾರೆ. ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾಗಬಲ್ಲದು. ಅವನ್ನು ಚರಂಡಿಗೆ ಸುರಿಯುವುದೂ ತಪ್ಪು. 2016ರ ಘನತ್ಯಾಜ್ಯ ನಿಯಮಗಳೇ ಅವಧಿ ಮೀರಿದ ಔಷಧಗಳನ್ನು, ಬಳಸಿದ ಸೂಜಿಗಳನ್ನು, ಹಳೆಯ ಬ್ಯಾಟರಿಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಅವನ್ನು ಬೇರೆಯಾಗಿ ಕಟ್ಟಿ, ಏನೆಂದು ತಿಳಿಸಿ ಕೊಡುವುದು ಕಸ ಎತ್ತುವವನ ಕೈಗೆ ತೋರುವ ಕನಿಷ್ಠ ಗೌರವ.

ಬಿಸಾಡಬೇಕಾದ್ದನ್ನು ಬಿಸಾಡಿದ ಮೇಲೆ ಕೊಂಡೊಯ್ಯಬೇಕಾದ್ದನ್ನು ಮರೆಯಬಾರದು. ರಕ್ತದೊತ್ತಡ, ಮಧುಮೇಹ, ಅಪಸ್ಮಾರದ ಗುಳಿಗೆಗಳನ್ನು ರಜೆಯಷ್ಟು ದಿನಕ್ಕೂ ಅದರ ಮೇಲೆ ಎರಡು ವಾರಕ್ಕೂ ಸಾಲುವಂತೆ ಇಟ್ಟುಕೊಳ್ಳಬೇಕು. ನಗರದ ಕಂಪೆನಿಯ ಹೆಸರು ಹಳ್ಳಿಯ ಅಂಗಡಿಯಲ್ಲಿ ಸಿಗದಿರಬಹುದು. ಆದ್ದರಿಂದ ಔಷಧದ ಮೂಲ ಹೆಸರನ್ನು ವೈದ್ಯರಿಂದ ಬರೆಸಿಕೊಳ್ಳುವುದು ಜಾಣತನ. ಇನ್ಸುಲಿನ್ನನ್ನು ರೈಲಿನಲ್ಲಿ ಕೈಚೀಲದಲ್ಲಿಯೇ ಇಡಬೇಕು. ಬಿಸಿಲೂ ಅದಕ್ಕೆ ಶತ್ರು, ಮಂಜುಗಡ್ಡೆಯ ನೇರ ಸ್ಪರ್ಶವೂ ಶತ್ರು. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ರಜೆಯ ನೆಪದಲ್ಲಿ ಅದನ್ನು ಮುರಿದರೆ ಮದ್ದಿಗೆ ಬಗ್ಗದ ರೋಗ ಬೆಳೆಯುವ ಭಯವಿದೆ. ಹೊರಡುವ ಮೊದಲು ಕೇಂದ್ರಕ್ಕೆ ತಿಳಿಸಿದರೆ ಊರಿನ ಸರಕಾರಿ ಕೇಂದ್ರದಲ್ಲಿ ಅದನ್ನು ಮುಂದುವರಿಸುವ ಏರ್ಪಾಡು ಇದೆ. ಊರಲ್ಲಿ ಜ್ವರ ಬಂದರೆ "ಮುಂಬಯಿ ಕಡೆಯಿಂದ ಬಂದವರು" ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಲೇಬೇಕು. ಮಲೇರಿಯಾ ಕಚ್ಚಿದ ಊರೊಂದು, ಮಲಗಿಸುವ ಊರೊಂದು ಆಗಬಹುದು.

ಮನೆ ಬಿಡಿಸುವ ಕೆಲಸದಲ್ಲೂ ಅಪಾಯಗಳಿವೆ. ಹತ್ತು ವರ್ಷದ ಧೂಳನ್ನು ಒಂದೇ ದಿನ ಒಣ ಪೊರಕೆಯಿಂದ ಎಬ್ಬಿಸುವ ಬದಲು, ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಿಂದ ದಿನಕ್ಕೊಂದು ಕಪಾಟಿನಂತೆ ಒರೆಸುವುದು ಮೇಲು. ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆ ಪೆಪ್ಪರಮೆಂಟಿನಂತೆ ಕಂಡು ಮಕ್ಕಳ ಬಾಯಿಗೆ ಹೋಗಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳ ಹಸುಗೂಸಿಗೆ ಆ ಗುಳಿಗೆಯ ಜತೆ ಇಟ್ಟಿದ್ದ ಬಟ್ಟೆ ತೊಡಿಸಿದರೂ ರಕ್ತಕಣಗಳು ಒಡೆದು ಕಾಮಾಲೆ ತೀವ್ರವಾಗುವ ಭಯವುಂಟು. ಮಗುವಿನ ಬಟ್ಟೆಗೆ ಒಣಗಿದ ಬೇವಿನೆಲೆಯೇ ಸಾಕು.

ಇಷ್ಟೆಲ್ಲ ಹೊರಹಾಕುವ ಉತ್ಸಾಹದಲ್ಲಿ ಒಂದು ಎಚ್ಚರ ಬೇಕು. ರದ್ದಿಯವನ ತಕ್ಕಡಿಗೆ ಮೊದಲು ಏರುವುದು ಕನ್ನಡದ ಕಾಗದ. ಮಕ್ಕಳಿಗೆ ಓದಲು ಬಾರದೆಂಬ ಕಾರಣಕ್ಕೆ ಅಜ್ಜನ ಪತ್ರಗಳು, ರಾತ್ರಿಶಾಲೆಯ ಪ್ರಮಾಣಪತ್ರ, ಸಂಘದ ಹಳೆಯ ಸ್ಮರಣ ಸಂಚಿಕೆಗಳು, ನಾಟಕದ ಕರಪತ್ರಗಳು ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಕೆಟ್ಟ ಮಿಕ್ಸರ್ ಅಟ್ಟದಲ್ಲಿ ಉಳಿದು ಅಜ್ಜನ ಪತ್ರ ರದ್ದಿಗೆ ಹೋಗುವುದಾದರೆ ಅದು ವಿಪರೀತದ ವಿವೇಕ. ಗುಂಡರ್ಟರ ಹಸ್ತಪ್ರತಿಗಳನ್ನು ದೂರದ ಪರದೇಶವು ಒಂದೂವರೆ ಶತಮಾನ ಕಾದಿರುವಾಗ, ಮುಂಬಯಿ ಕನ್ನಡಿಗರ ಬದುಕಿನ ದಾಖಲೆಗಳಿಗೆ ಒಂದು ಟ್ರಂಕಿನ ಜಾಗ ಸಿಗಬಾರದೆ? ಸಂಘಗಳ ವಾಚನಾಲಯಗಳು ಇಂಥವನ್ನು ಕೇಳಿ ಪಡೆಯಬೇಕು.

ಕೊನೆಯದಾಗಿ, ಈ ಕೆಲಸ ಯಾರದು? ಗಂಡ ಟಿಕೇಟಿನ ಚಿಂತೆಯಲ್ಲೂ ಮಕ್ಕಳು ಪರೀಕ್ಷೆ ಮುಗಿದ ಸಂಭ್ರಮದಲ್ಲೂ ಇರುವಾಗ ಇಡೀ ಮನೆ ಒಬ್ಬ ಹೆಂಗಸಿನ ಸೊಂಟದ ಮೇಲೆ ಬೀಳುವುದು ಸಾಮಾನ್ಯ ದೃಶ್ಯ. ಆಕೆ ಊರು ತಲಪುವುದು ರಜೆಗಲ್ಲ, ಬೆನ್ನುನೋವಿನ ಆರೈಕೆಗೆ. ಹದಿನೈದು ದಿನ ಮೊದಲೇ ಕೆಲಸ ಹಂಚಿಕೊಂಡರೆ, ಮಕ್ಕಳ ಪೆಟ್ಟಿಗೆಯನ್ನು ಮಕ್ಕಳೇ ವಿಂಗಡಿಸಿದರೆ ಈ ಅನ್ಯಾಯ ತಪ್ಪುತ್ತದೆ. ಬೀಗದ ಒಂದು ಕೈ ನಂಬಿಕೆಯ ನೆರೆಯವರಲ್ಲಿರಲಿ ಎಂದರೆ ಕಳ್ಳತನದ ಭಯ ತೋರಿಸುವವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಬೆಲೆಬಾಳುವುದನ್ನು ಬ್ಯಾಂಕಿನಲ್ಲಿಟ್ಟು, ವಾರಕ್ಕೊಮ್ಮೆ ಬಾಗಿಲು ತೆರೆದು ನೀರು ನೋಡಲು ಒಬ್ಬರಿಲ್ಲದಿದ್ದರೆ, ಬೀಗವು ಕಳ್ಳನನ್ನು ತಡೆದೀತು, ಸೊಳ್ಳೆಯನ್ನು ತಡೆಯಲಾರದು. ನೆರೆಯಲ್ಲಿರುವವರು ಮರಾಠಿಯವರಾಗಲಿ, ತಮಿಳರಾಗಲಿ, ಒಂದು ಬೀಗದ ಕೈಯನ್ನು ಒಪ್ಪಿಸುವಷ್ಟು ಸ್ನೇಹ ಬೆಳೆಸಿಕೊಳ್ಳದ ಕುಟುಂಬ ಮೂವತ್ತು ವರ್ಷ ಸಾನಪಾಡಾದಲ್ಲಿದ್ದರೂ ಅಲ್ಲಿ ನೆಲೆಸಿದೆ ಎನ್ನುವುದು ಕಷ್ಟ. ಹೌಸಿಂಗ್ ಸೊಸೈಟಿಗಳು ಬೇಸಗೆಯಲ್ಲಿ ಮುಚ್ಚಿದ ಮನೆಗಳ ಪಟ್ಟಿ ಮಾಡುವುದು, ಕನ್ನಡ ಸಂಘಗಳು ಏಪ್ರಿಲ್ ತಿಂಗಳಲ್ಲಿ ಒಂದು ಭಾನುವಾರವನ್ನು ಈ ತಿಳಿವಳಿಕೆಗೆ ಮೀಸಲಿಡುವುದು ಅಸಾಧ್ಯವಾದ ಕಾರ್ಯಗಳಲ್ಲ. ಹಗುರವಾದ ಚೀಲ, ಒಣಗಿದ ಡ್ರಮ್ಮು, ನೆರೆಯವರ ಕೈಯಲ್ಲೊಂದು ಬೀಗದ ಕೈ ಇಷ್ಟಿದ್ದರೆ ಊರಿಗೆ ಹೋದವರೂ ಇಲ್ಲೇ ಉಳಿದವರೂ ನೆಮ್ಮದಿಯಿಂದ ಇದ್ದಾರು.